ಬಲದಿಂದ ಬರೆಯುವ ಮಕ್ಕಳ ಒಂದು ವಾರ

ನನ್ನ ತಮ್ಮನಿಗೆ ಐದು ವರ್ಷ. ಬೆಳಿಗ್ಗೆ ವಡ್ಡುವಿನ ಅಂಗನವಾಡಿಗೆ ಹೋಗುತ್ತಾನೆ, ಸಂಜೆ ಮಕ್ತಬ್‌ಗೆ. ಕಳೆದ ತಿಂಗಳು ಸ್ಲೇಟಿನ ಮೇಲೆ ಅ, ಆ, ಇ ಅಕ್ಷರಗಳನ್ನು ಬಲದಿಂದ ಎಡಕ್ಕೆ ಬರೆದಿಟ್ಟ. ಅದನ್ನು ನೋಡಿದವರೊಬ್ಬರು, "ಎರಡೆರಡು ಕಲಿಸಿದರೆ ಹುಡುಗನಿಗೆ ಒಂದೂ ಬರುವುದಿಲ್ಲ" ಎಂದುಬಿಟ್ಟರು. ಅಮ್ಮಿಗೆ ಭಯವಾಯಿತು. ಮಕ್ತಬ್ ಬಿಡಿಸುವ ಮಾತೂ ಮನೆಯಲ್ಲಿ ಬಂತು.

ಅದೇ ವಾರ ನಮ್ಮ ಶಿಕ್ಷಣಶಾಸ್ತ್ರದ ತರಗತಿಯಲ್ಲಿ ಬೇರೆ ಬೇರೆ ಸಮುದಾಯಗಳ ಶಿಶುವಿಹಾರದ ಬಗ್ಗೆ ಬರೆಯಲು ಚೀಟಿ ಎತ್ತಿಸಿದರು. ನನ್ನ ಚೀಟಿಯಲ್ಲಿ 'ಯಹೂದಿ' ಎಂದಿತ್ತು. ಎಲ್ಲರೂ ನಕ್ಕರು. ಯುದ್ಧದ ಸುದ್ದಿಯಲ್ಲಿ ಬಿಟ್ಟರೆ ಆ ಹೆಸರನ್ನು ನಾನೂ ಕೇಳಿರಲಿಲ್ಲ. ಚೀಟಿ ಬದಲಿಸಿಕೊಳ್ಳಲೇ ಎಂದು ಯೋಚಿಸಿದೆ. ಬದಲಿಸದೇ ಇದ್ದದ್ದು ಒಳ್ಳೆಯದಾಯಿತು.

ಹೀಬ್ರೂ ಭಾಷೆಯಲ್ಲಿ ಶಿಶುವಿಹಾರಕ್ಕೆ 'ಗನ್' ಎನ್ನುತ್ತಾರೆ. ಗನ್ ಎಂದರೆ ತೋಟ. ಅರಬಿಯ 'ಜನ್ನತ್' ಪದದ ಮೂಲವೂ ಇದರ ಮೂಲವೂ ಒಂದೇ. ಜರ್ಮನಿಯ ಫ್ರೋಬೆಲ್ 1840ರಲ್ಲಿ ತನ್ನ ಶಾಲೆಗೆ 'ಮಕ್ಕಳ ತೋಟ' ಎಂಬ ಅರ್ಥದ ಹೆಸರಿಟ್ಟ. ಆ ಹೆಸರೇ ಹೀಬ್ರೂವಿಗೂ ಬಂತು. ಮೊದಲ ಹೀಬ್ರೂ ಶಿಶುವಿಹಾರ 1898ರಲ್ಲಿ ರಿಶೋನ್ ಲೆಝಿಯೋನ್ ಊರಿನಲ್ಲಿ ಶುರುವಾಯಿತು. ಅಲ್ಲಿ ಶಿಕ್ಷಕಿಗೆ 'ಗನೆನೆತ್' ಎನ್ನುತ್ತಾರೆ, ಅಂದರೆ ತೋಟಗಾರ್ತಿ.

ಇಸ್ರೇಲಿನಲ್ಲಿ ಮಕ್ಕಳ ವಾರ ಭಾನುವಾರ ಶುರುವಾಗುತ್ತದೆ. ಕನ್ನಡದಲ್ಲಿ ವಾರಗಳಿಗೆ ಗ್ರಹಗಳ ಹೆಸರು. ಹೀಬ್ರೂವಿನಲ್ಲಿ ಮೊದಲನೆಯ ದಿನ, ಎರಡನೆಯ ದಿನ ಎಂದು ಎಣಿಕೆ. ಅರಬಿಯಲ್ಲೂ ಅಹದ್, ಇಸ್ನೈನ್ ಎಂದು ಎಣಿಸುತ್ತಾರಲ್ಲ, ಹಾಗೆಯೇ. ವಾರದ ಹೆಸರು ಕಲಿತರೆ ಮಗು ಆರರವರೆಗೆ ಎಣಿಸಲೂ ಕಲಿತಂತೆ. ಏಳನೆಯದಕ್ಕೆ ಮಾತ್ರ ಸಂಖ್ಯೆಯಿಲ್ಲ. ಅದು 'ಶಬ್ಬಾತ್', ವಿಶ್ರಾಂತಿಯ ದಿನ. ಅರಬಿಯ 'ಸಬ್ತ್' ಅದೇ.

ಧಾರ್ಮಿಕ ಶಿಶುವಿಹಾರಗಳಲ್ಲಿ ಪ್ರತಿ ವಾರಕ್ಕೂ ಒಂದು ಕಥೆ ಇರುತ್ತದೆ. ವರ್ಷವಿಡೀ ಓದಲು ತೌರಾತನ್ನು 54 ಭಾಗ ಮಾಡಿದ್ದಾರೆ. ಆಯಾ ವಾರದ ಭಾಗವನ್ನು ಶಿಕ್ಷಕಿ ಚಿಕ್ಕ ಕಥೆಯಾಗಿ ಹೇಳುತ್ತಾಳೆ. ನೂಹರ ಹಡಗು, ಇಬ್ರಾಹೀಮರ ಪಯಣ, ಯೂಸುಫರ ಕನಸು, ಮೂಸಾರ ಬಾಲ್ಯ. ಹೇಳುವ ರೀತಿಯಲ್ಲಿ ವ್ಯತ್ಯಾಸಗಳಿದ್ದರೂ ಈ ಹೆಸರುಗಳು ನಮ್ಮ ಮನೆಗಳಲ್ಲೂ ಇವೆ. ಕಥೆಯಾದ ಮೇಲೆ ಮಕ್ಕಳು ಚಿತ್ರ ಬರೆಯುತ್ತಾರೆ, ಹಾಡುತ್ತಾರೆ, ಆಡಿ ತೋರಿಸುತ್ತಾರೆ.

ಶುಕ್ರವಾರ ಎಲ್ಲಕ್ಕಿಂತ ಗದ್ದಲದ ದಿನ. ಮಕ್ಕಳು ಹಿಟ್ಟು ನಾದಿ, ಜಡೆ ಹೆಣೆದಂತೆ ಹೆಣೆದು 'ಹಲ್ಲಾ' ಎಂಬ ರೊಟ್ಟಿ ಮಾಡುತ್ತಾರೆ. ಒಬ್ಬ ಹುಡುಗ ಅಪ್ಪನಾಗುತ್ತಾನೆ, ಒಬ್ಬ ಹುಡುಗಿ ಅಮ್ಮನಾಗುತ್ತಾಳೆ. ಮೇಣದ ಬತ್ತಿ, ದ್ರಾಕ್ಷಿ ರಸ, ಹಾಡು, ಎಲ್ಲ ಇರುತ್ತದೆ. ಒಂದು ಡಬ್ಬಿಯಲ್ಲಿ ಬಡವರಿಗಾಗಿ ನಾಣ್ಯ ಹಾಕುತ್ತಾರೆ. ಆ ದಾನಕ್ಕೆ 'ತ್ಸೆದಾಕಾ' ಎಂದು ಹೆಸರು. ನಮ್ಮ 'ಸದಕಾ' ನೆನಪಾಗುತ್ತದೆಯಲ್ಲವೇ? ನಮ್ಮ ರಂಜಾನಿನ ಹಾಗೆ ಅವರ ಶಬ್ಬಾತ್ ಕೂಡ ಸೂರ್ಯ ಮುಳುಗುವ ಹೊತ್ತಿಗೆ ಶುರುವಾಗುತ್ತದೆ.

ಇನ್ನು ಅಕ್ಷರದ ವಿಷಯ. ಹೀಬ್ರೂವಿನಲ್ಲಿ 22 ಅಕ್ಷರಗಳಿವೆ. ಅರಬಿಯಲ್ಲಿ 28, ಕನ್ನಡದಲ್ಲಿ 49. 'ಅಲೆಫ್, ಬೇತ್' ಎಂದು ಶುರುವಾಗುವ ಹೀಬ್ರೂವನ್ನು ಅಲಿಫ್, ಬೇ ಹಾಗೆಯೇ ಬಲದಿಂದ ಬರೆಯಬೇಕು. ಮೊದಲ ಅಕ್ಷರ ಕಲಿಯುವ ಮಗುವಿಗೆ ಜೇನು ನೆಕ್ಕಿಸುವ ಹಳೆಯ ಪದ್ಧತಿ ಅವರಲ್ಲಿದೆ. ನಮ್ಮಲ್ಲಿ ಬಿಸ್ಮಿಲ್ಲಾ ಶಾಸ್ತ್ರದ ದಿನ ಮಿಠಾಯಿ ಹಂಚುತ್ತಾರೆ. ಪಕ್ಕದ ಮನೆಯಲ್ಲಿ ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ಬರೆಸುತ್ತಾರೆ. ಅಕ್ಷರ ಸಿಹಿಯಾಗಿ ಶುರುವಾಗಲಿ ಎಂಬ ಆಸೆ ಮೂರು ಕಡೆಯೂ ಇದೆ.

ಇಂಗ್ಲಿಷ್ ಆಡುವ ದೇಶಗಳ ಯಹೂದಿ ಮಕ್ಕಳು ಹೀಬ್ರೂವನ್ನು ಬಲದಿಂದ, ಇಂಗ್ಲಿಷನ್ನು ಎಡದಿಂದ ಕಲಿಯುತ್ತಾರೆ. ಅವರೂ ತಿರುಗುಮುರುಗು ಮಾಡುತ್ತಾರೆ. ಸಾಲು ಶುರುವಾಗುವ ಕಡೆ ಒಂದು ಚುಕ್ಕೆ ಇಟ್ಟುಕೊಡುವುದು ಅದಕ್ಕೊಂದು ಸರಳ ಉಪಾಯ. ಇದನ್ನು ಓದಿದಾಗ ನನಗೆ ತಮ್ಮನ ಸ್ಲೇಟು ಕಣ್ಣಮುಂದೆ ಬಂತು. ಅವನ ತಲೆ ಕೆಟ್ಟಿರಲಿಲ್ಲ. ಯಾವ ಬಾಗಿಲಿನಿಂದ ಒಳಗೆ ಹೋಗಬೇಕೆಂದು ಯಾರೂ ತೋರಿಸಿರಲಿಲ್ಲ, ಅಷ್ಟೇ.

ಅಂದು ಸಂಜೆ ಅಮ್ಮಿಯ ಡಬ್ಬಿಯಿಂದ ಒಂದು ಹುಣಸೆ ಬೀಜ ತೆಗೆದುಕೊಂಡೆ. ಕನ್ನಡ ಬರೆಯುವಾಗ ಅದನ್ನು ಸ್ಲೇಟಿನ ಎಡಕ್ಕೆ ಇಟ್ಟೆ, ಅರಬಿ ಬರೆಯುವಾಗ ಬಲಕ್ಕೆ. "ಬೀಜ ಇರುವ ಕಡೆಯಿಂದ ಹೊರಡು" ಎಂದೆ. ಎರಡು ವಾರದಲ್ಲಿ ಬೀಜವನ್ನು ಅವನೇ ಸರಿಯಾದ ಕಡೆ ಇಡತೊಡಗಿದ. ಈಗಲೂ ಒಮ್ಮೊಮ್ಮೆ ತಪ್ಪುತ್ತಾನೆ. ಆದರೆ ಮಕ್ತಬ್ ಬಿಡಿಸುವ ಮಾತು ಮತ್ತೆ ಬಂದಿಲ್ಲ.

ಕೋಲ್ಕತ್ತದಲ್ಲಿ 1881ರಲ್ಲಿ ಯಹೂದಿಗಳು ಶುರು ಮಾಡಿದ ಹೆಣ್ಣುಮಕ್ಕಳ ಶಾಲೆಯೊಂದಿದೆ. ಇಂದು ಅಲ್ಲಿ ಓದುವವರಲ್ಲಿ ಹೆಚ್ಚಿನವರು ಮುಸ್ಲಿಂ ಹುಡುಗಿಯರು. ಯೋಜನೆ ಒಪ್ಪಿಸುವ ದಿನ ನಾನು ಇದನ್ನು ಹೇಳಿದಾಗ ತರಗತಿಯಲ್ಲಿ ಯಾರೂ ನಗಲಿಲ್ಲ. ಹಿಂದಿನ ಬೆಂಚಿನ ಗೆಳತಿಯೊಬ್ಬಳು ಮಾತ್ರ ಕೈ ಎತ್ತಿ, "ಆ ರೊಟ್ಟಿ ಹೆಣೆಯುವುದು ಹೇಗೆ?" ಎಂದು ಕೇಳಿದಳು.