ಜಕ್ಕಲಿ: ಊರಿಂದ ಹೊರಟು ಊರಿಗೇ ಒಂದು ಸುತ್ತು

ಎಳ್ಳಮಾವಾಸ್ಯೆ ಮುಂಜಾನೆ ರೋಣ ತಾಲ್ಲೂಕಿನ ಜಕ್ಕಲಿ ಸುತ್ತ ನಡಕೋತ ಒಂದು ಸುತ್ತು ಹಾಕೂಣ ಬರ್ರಿ.

ಮೊದಲು ದೊಡ್ಡಮೇಟಿಯವರ ಮನಿ. ಕರ್ನಾಟಕ ಏಕೀಕರಣಕ್ಕ ಜೀವನಾನ ಸವೆಸಿದ ಅಂದಾನಪ್ಪ ದೊಡ್ಡಮೇಟಿಯವರು ಇದೇ ಊರಿನವರು. 1953ರಾಗ ಗದಗಿನ ಕಲಾವಿದ ಸಿ. ಎನ್. ಪಾಟೀಲರ ಕಡಿಂದ ತಾಯಿ ಭುವನೇಶ್ವರಿ ಚಿತ್ರ ಬರೆಸಿದ್ರು. ನಾಡು ಒಂದಾಗಿದ್ದು ಮೂರು ವರ್ಷ ಆದಮ್ಯಾಲ, 1956ರಾಗ.

ಊರು ದಾಟಿದ್ರ ಎರಿ ಹೊಲ. ಈ ಕರಿ ಮಣ್ಣು ಮಳಿ ನೀರನ್ನ ತನ್ನೊಳಗ ಹಿಡಿದಿಟ್ಟುಕೊಳ್ತೈತಿ. ಅದಕ್ಕ ಮಳಿ ನಿಂತು ಚಳಿ ಬಿದ್ದಮ್ಯಾಲೂ ಬಿಳಿಜೋಳ, ಕಡ್ಲಿ, ಕುಸುಬಿ ಬೆಳೀತಾವ. ಮಳಿ ಬಂದ ದಿನ ಮಾತ್ರ ಇಲ್ಲಿ ನಡೀಬ್ಯಾಡ್ರಿ, ಅಂಟು ಮಣ್ಣು ಹೆಜ್ಜಿ ಎತ್ತಾಕ ಬಿಡೂದಿಲ್ಲ.

ಇವತ್ತು ರೈತರೂ ಸುತ್ತು ಹಾಕ್ತಾರ. ಬನ್ನಿ ಗಿಡದ ಬುಡಕ ಐದು ಕಲ್ಲಿಟ್ಟು, ಪಾಂಡವರು ಅಂತ ಪೂಜಿ ಮಾಡಿ, ಬೆಳಿ ಸುತ್ತ ನಡಕೋತ ಚರಗ, ಅಂದ್ರ ನೈವೇದ್ಯದ ಅಡಗಿ, ಚೆಲ್ತಾರ. ಮೊದಲ ತುತ್ತು ಭೂಮಿತಾಯಿಗೆ. ಆಮ್ಯಾಲ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗಿ. ದಾರಿಹೋಕರನ್ನೂ ಕರೆದು ಉಣ್ಣಸ್ತಾರ.

ಹೊಲದಾಗ ಹಿಂಗ ನಡಿಯಾಕ ದಾರಿ ಉಳೀಬೇಕು. ಇಂಗ್ಲೆಂಡಿನಾಗ ಹೊಲದ ನಡುವಿನ ಕಾಲುದಾರಿಗಳನ್ನ ನಕ್ಷೆಗೆ ಏರಿಸಿ ಕಾಯಾಕ 1949ರಾಗ ಕಾಯ್ದೆ ಬಂತು. ನಮ್ಮ ಗ್ರಾಮ ನಕ್ಷೆಯೊಳಗೂ ಬಂಡಿದಾರಿ, ಕಾಲುದಾರಿಗಳ ಗುರುತು ಅದಾವ. ಅವನ್ನ ಹಿಡಿದು, ಬೆಳಿ ತುಳೀದಂಗ ನಡೀರಿ. ಮಂದಿ ಅಡ್ಡಾಡಿದ್ರನ ದಾರಿ ಉಳೀತಾವ.

ನಿಮ್ಮೂರಿನ ನಕ್ಷೆ ತೆಗೀರಿ, ಊರಿನ ಹಿರಿಯರನ್ನ ದಾರಿ ಕೇಳ್ರಿ, ಮಕ್ಕಳನ್ನ ಕರ್ಕೊಂಡು ಈ ವಾರಾನ ಒಂದು ಸುತ್ತು ಹಾಕಿ ಬರ್ರಿ.