ಗಣಿಯ ಆಳದಿಂದ ಕರೆದರೆ ಮೇಲಿನವರಿಗೆ ಕೇಳುತ್ತದೆಯೇ?

ಲಿಫ್ಟಿನ ಬಾಗಿಲು ಮುಚ್ಚಿದೊಡನೆ ಮೊಬೈಲ್ ಕರೆ ಕಡಿದುಹೋಗುವ ಅನುಭವ ನಮ್ಮಲ್ಲಿ ಹಲವರಿಗಿದೆ. ಅಲ್ಲಿ ಅಡ್ಡ ಬರುವುದು ತೆಳ್ಳನೆಯ ಲೋಹದ ಹಾಳೆ. ಗಣಿಯೊಳಗೆ ಇಳಿದವರ ತಲೆಯ ಮೇಲಿರುವುದೋ, ನೂರಾರು ಮೀಟರ್ ದಪ್ಪದ ಬಂಡೆ!

ಬಂಡೆಯಲ್ಲಿ ತೇವವಿರುತ್ತದೆ, ಆ ತೇವದಲ್ಲಿ ಲವಣಗಳೂ ಕರಗಿರುತ್ತವೆ. ಹಾಗಾಗಿ ಅದರಲ್ಲಿ ಅಷ್ಟಿಷ್ಟು ವಿದ್ಯುತ್ ಹರಿಯಬಲ್ಲದು. ರೇಡಿಯೋ ಅಲೆ ಒಳಹೊಕ್ಕಾಗ ಪುಟ್ಟ ವಿದ್ಯುತ್ ಪ್ರವಾಹಗಳು ಹುಟ್ಟಿ, ಅಲೆಯ ಶಕ್ತಿ ಶಾಖವಾಗಿ ಕರಗಿಹೋಗುತ್ತದೆ. ಆವರ್ತನ, ಅಂದರೆ ಅಲೆ ಸೆಕೆಂಡಿಗೆ ಕಂಪಿಸುವ ಸಂಖ್ಯೆ, ಹೆಚ್ಚಿದಷ್ಟೂ ನಷ್ಟ ಹೆಚ್ಚು. ಮೊಬೈಲಿನ ಅಲೆಗಳು ಸೆಕೆಂಡಿಗೆ ನೂರು ಕೋಟಿ ಸಲದ ಆಸುಪಾಸಿನಲ್ಲಿ ಕಂಪಿಸುವಂಥವು. ಬಂಡೆಯೊಳಗೆ ಅವು ಹೆಚ್ಚು ದೂರ ಹೋಗಲಾರವು.

ಸುರಂಗದ ಖಾಲಿ ಜಾಗದಲ್ಲಿ ಅಲೆ ಸಾಗುತ್ತದೆ ನಿಜ, ಆದರೆ ಒಂದೆರಡು ತಿರುವು ಬಂದರೆ ಅದರ ಕತೆ ಮುಗಿಯಿತು. ಅದಕ್ಕೇ ಅನೇಕ ಗಣಿಗಳಲ್ಲಿ ಸುರಂಗದುದ್ದಕ್ಕೂ 'ಸೋರುವ ಕೇಬಲ್' ಎಳೆದಿರುತ್ತಾರೆ. ಟೀವಿ ಕೇಬಲ್ಲಿನ ಹೊರಕವಚ ಸಂಕೇತ ಸೋರದಂತೆ ತಡೆದರೆ, ಇದರ ಕವಚದಲ್ಲಿ ಬೇಕೆಂದೇ ಸಂದು ಬಿಟ್ಟಿರುತ್ತಾರೆ. ಹನಿ ನೀರಾವರಿ ಪೈಪು ನೀರು ಬಿಡುವಂತೆ ಇದು ದಾರಿಯುದ್ದಕ್ಕೂ ಸಂಕೇತ ಬಿಡುತ್ತದೆ; ಹತ್ತಿರದ ವಾಕಿಟಾಕಿಯ ಮಾತನ್ನು ಎಳೆದುಕೊಳ್ಳಲೂಬಲ್ಲದು. ಚಾವಣಿ ಕುಸಿಯಬಹುದಾದ ಜಾಗಕ್ಕೆ ಜನರ ಬದಲು ಯಂತ್ರ ಕಳಿಸಿ ದೂರದಿಂದ ನಡೆಸುವುದೂ ರೇಡಿಯೋದಿಂದಲೇ. ಸಂಕೇತ ತಪ್ಪಿದರೆ ಅಂತಹ ಯಂತ್ರ ತಾನಾಗಿ ನಿಲ್ಲಬೇಕು.

ಆದರೆ ತಂತಿ ತುಂಡಾದರೆ? 2006ರ ಜನವರಿ 2ರಂದು ಅಮೆರಿಕದ ವೆಸ್ಟ್ ವರ್ಜೀನಿಯಾದ ಸಾಗೋ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟವಾಗಿ 13 ಮಂದಿ ಒಳಗೇ ಸಿಕ್ಕಿಕೊಂಡರು. ಮೇಲಿನವರೊಡನೆ ಮಾತಾಡಲು ದಾರಿಯಿರಲಿಲ್ಲ. ಚಾವಣಿಯ ಬೋಲ್ಟುಗಳಿಗೆ ಸುತ್ತಿಗೆಯಿಂದ ಬಡಿದರು, ಉತ್ತರ ಬರಲಿಲ್ಲ. ಬದುಕುಳಿದದ್ದು ಒಬ್ಬರೇ. ಅಷ್ಟೇ ಅಲ್ಲ, ರಕ್ಷಕರ ಮಾತು ಬಾಯಿಂದ ಬಾಯಿಗೆ ದಾಟುವಾಗ ತಪ್ಪಾಗಿ, 12 ಜನ ಬದುಕಿದ್ದಾರೆಂಬ ಸುದ್ದಿ ಕುಟುಂಬಗಳನ್ನು ತಲುಪಿತು. ನಿಜ ತಿಳಿಯಲು ಗಂಟೆಗಳೇ ಹಿಡಿದವು.

ತಂತಿಯ ಹಂಗಿಲ್ಲದೆ ಬಂಡೆಯನ್ನೇ ದಾಟಬೇಕೆಂದರೆ ಆವರ್ತನವನ್ನು ಸೆಕೆಂಡಿಗೆ ಕೆಲವೇ ಸಾವಿರ ಅಥವಾ ಅದಕ್ಕಿಂತ ಕೆಳಕ್ಕೆ ಇಳಿಸಬೇಕು. ಆಗ ದೊಡ್ಡ ಆಂಟೆನಾ ಬೇಕು, ಸಾಗಿಸಬಹುದಾದ ಮಾಹಿತಿಯೂ ಬಹಳ ಕಡಿಮೆ. ಆಸ್ಟ್ರೇಲಿಯಾದಲ್ಲಿ ರೂಪುಗೊಂಡ 'ಪೆಡ್' ಎಂಬ ವ್ಯವಸ್ಥೆ ಹೀಗೆ ಚುಟುಕು ಸಂದೇಶ ಕಳಿಸುತ್ತದೆ. ಕಾರ್ಮಿಕರ ತಲೆದೀಪ ಮಿನುಗಿ ಸಂದೇಶ ಬಂದಿದೆಯೆಂದು ತಿಳಿಸುತ್ತದೆ. 1998ರಲ್ಲಿ ಯೂಟಾದ ವಿಲ್ಲೋ ಕ್ರೀಕ್ ಗಣಿಗೆ ಬೆಂಕಿ ಬಿದ್ದಾಗ ಕಾರ್ಮಿಕರು ಹೊರಬರಲು ಇದು ನೆರವಾಯಿತು. ಕೊರತೆಯೆಂದರೆ, ಕೆಳಗಿನವರು ಅದರಲ್ಲಿ ಉತ್ತರಿಸುವಂತಿರಲಿಲ್ಲ.

ಸಾಗೋ ದುರಂತದ ವರ್ಷವೇ ಅಮೆರಿಕ ಕಾನೂನು ತಂದು, ಕಲ್ಲಿದ್ದಲು ಗಣಿಗಳಲ್ಲಿ ಎರಡೂ ಕಡೆಯಿಂದ ಮಾತಾಡಬಲ್ಲ ನಿಸ್ತಂತು ವ್ಯವಸ್ಥೆಗೆ ಮೂರು ವರ್ಷದ ಗಡುವು ಕೊಟ್ಟಿತು. ಗಡುವು ಬಂದಾಗ ಹೆಚ್ಚಿನ ಗಣಿಗಳು ನೆಚ್ಚಿಕೊಂಡದ್ದು ಸೋರುವ ಕೇಬಲ್ ಇಲ್ಲವೇ ಸುರಂಗದಲ್ಲಿ ಅಲ್ಲಲ್ಲಿ ನಿಲ್ಲಿಸಿದ ರೇಡಿಯೋ ಪೆಟ್ಟಿಗೆಗಳನ್ನೇ.