ಮೇದೋಜೀರಕ ಗ್ರಂಥಿಯ ನಾಳಭೇದ ಮತ್ತು ಹಠಾತ್ ಉರಿಯೂತ

ಜಠರದ ಹಿಂಬದಿಯಲ್ಲಿ, ಬೆನ್ನೆಲುಬಿಗೆ ಅಡ್ಡಲಾಗಿ ಇರುವ ಅಂಗವೇ ಮೇದೋಜೀರಕ ಗ್ರಂಥಿ. ಇದನ್ನು ಪ್ಯಾಂಕ್ರಿಯಾಸ್ ಎಂದೂ ಕರೆಯುತ್ತಾರೆ. ರಕ್ತಕ್ಕೆ ಇನ್ಸುಲಿನ್ ಒದಗಿಸುವುದು ಅದರ ಒಂದು ಕಾರ್ಯ. ಆಹಾರವನ್ನು ಅರಗಿಸುವ ರಸವನ್ನು ನಾಳದ ಮೂಲಕ ಸಣ್ಣ ಕರುಳಿಗೆ ಹರಿಸುವುದು ಮತ್ತೊಂದು. ಆ ರಸವು ಕರುಳನ್ನು ಸೇರುವ ಮೊದಲೇ ಪ್ರಬಲಗೊಂಡರೆ ಗ್ರಂಥಿಯನ್ನೇ ಸುಡತೊಡಗುತ್ತದೆ. ಇದೇ ಹಠಾತ್ ಉರಿಯೂತ.

ಪಿತ್ತಕೋಶದ ಕಲ್ಲು ಮತ್ತು ಮದ್ಯಪಾನ ಇದಕ್ಕೆ ಮುಖ್ಯ ಕಾರಣಗಳು. ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಅತಿಯಾಗಿ ಏರಿದಾಗಲೂ ಬರುವುದುಂಟು. ಇವಾವುವೂ ಇಲ್ಲದವರಿಗೆ ನೋವು ಮರಳಿ ಮರಳಿ ಬಂದರೆ ನಾಳದ ರಚನೆಯನ್ನು ಪರಿಶೀಲಿಸಬೇಕಾಗುತ್ತದೆ.

ಗರ್ಭದಲ್ಲಿ ಈ ಗ್ರಂಥಿಯು ಎರಡು ಮೊಳಕೆಗಳಾಗಿ ಹುಟ್ಟಿ, ಎರಡನೆಯ ತಿಂಗಳಿನಲ್ಲಿ ಒಂದಾಗುತ್ತದೆ, ನಾಳಗಳೂ ಕೂಡಿಕೊಳ್ಳುತ್ತವೆ. ಪ್ರಧಾನ ನಾಳವನ್ನು 1642ರಲ್ಲಿ ಇಟಲಿಯ ಪಾಡುವಾ ನಗರದಲ್ಲಿ ವಿರ್ಸಂಗ್ ಎಂಬ ವೈದ್ಯನು ಗುರುತಿಸಿದನು. ಕೆಲವರಲ್ಲಿ ಈ ನಾಳಗಳು ಕೂಡದೆ ಬೇರೆಯಾಗಿಯೇ ಉಳಿಯುತ್ತವೆ. ಪಾಶ್ಚಾತ್ಯರಲ್ಲಿ ಇಂಥವರು ನೂರಕ್ಕೆ ಸುಮಾರು 5ರಿಂದ 10 ಮಂದಿ. ಆಗ ಹೆಚ್ಚಿನ ರಸವೆಲ್ಲ ಕಿರುದ್ವಾರವೊಂದರಿಂದಲೇ ಹೊರಬರಬೇಕು. ದೊಡ್ಡ ಕೆರೆಗೆ ಸಣ್ಣ ತೂಬು ಇದ್ದಂತೆ. ಆದರೂ ಅವರಲ್ಲಿ ಬಹುಪಾಲು ಜನರಿಗೆ ಜೀವಮಾನವಿಡೀ ಯಾವ ತೊಂದರೆಯೂ ಆಗುವುದಿಲ್ಲ. ಆದ್ದರಿಂದ ಸ್ಕ್ಯಾನಿಂಗ್ ವರದಿಯಲ್ಲಿ ಈ ಭೇದ ಕಂಡ ಮಾತ್ರಕ್ಕೆ ಭಯಪಡಬೇಕಿಲ್ಲ. ಎಂ.ಆರ್.ಸಿ.ಪಿ. ಎಂಬ ಸ್ಕ್ಯಾನಿಂಗ್‌ನಿಂದ ನಾಳಗಳು ಸ್ಪಷ್ಟವಾಗಿ ಕಾಣುತ್ತವೆ. ಪದೇ ಪದೇ ಉರಿಯೂತ ಬರುವ ಕೆಲವರಿಗೆ ಎಂಡೋಸ್ಕೋಪಿಯ ಮೂಲಕ ಆ ದ್ವಾರವನ್ನು ಅಗಲಿಸುವುದೂ ಉಂಟು.

ಹೊಟ್ಟೆಯ ಮೇಲ್ಭಾಗದಲ್ಲಿ ಏಕಾಏಕಿ ತೀವ್ರ ನೋವು, ಅದು ಬೆನ್ನಿಗೆ ಹರಡುವುದು, ಅಂಗಾತ ಮಲಗಿದರೆ ಹೆಚ್ಚಿ ಮುಂದಕ್ಕೆ ಬಾಗಿದರೆ ತುಸು ತಗ್ಗುವುದು, ನಿಲ್ಲದ ವಾಂತಿ: ಇವು ಈ ರೋಗದ ಲಕ್ಷಣಗಳು. ನಮ್ಮಲ್ಲಿ ಅನೇಕರು ಇದನ್ನು ವಾಯು ಅಥವಾ ಪಿತ್ತವೆಂದು ಬಗೆದು, ಸೋಡಾ ಇಲ್ಲವೆ ಜೀರಿಗೆ ಕಷಾಯ ಕುಡಿದು ಬೆಳಗಾಗಲೆಂದು ಕಾಯುತ್ತಾರೆ. ಆಯುರ್ವೇದ ವೈದ್ಯರಾಗಿಯೇ ನಾವು ಹೇಳುತ್ತೇವೆ: ಈ ನೋವಿಗೆ ಮನೆಮದ್ದು ಸಲ್ಲದು. ವಿಳಂಬವಾದರೆ ಮೂತ್ರಪಿಂಡ, ಶ್ವಾಸಕೋಶಗಳೂ ಸೋಲಬಹುದು. ರಕ್ತದಲ್ಲಿ ಲೈಪೇಸ್ ಪ್ರಮಾಣವು ಸಹಜ ಮಿತಿಯ 3 ಪಟ್ಟು ಮೀರಿದ್ದರೆ ರೋಗವು ಬಹುತೇಕ ಖಚಿತ. ಮೊದಲ ಗಂಟೆಗಳಲ್ಲಿ ರಕ್ತನಾಳದ ಮೂಲಕ ಕೊಡುವ ದ್ರವವೇ ಮುಖ್ಯ ಚಿಕಿತ್ಸೆ. ಅದು ಆಸ್ಪತ್ರೆಯಲ್ಲಿ ಮಾತ್ರ ಸಾಧ್ಯ.

ಗುಣಮುಖರಾದ ಬಳಿಕ ಮದ್ಯ, ತಂಬಾಕುಗಳನ್ನು ಪೂರ್ಣವಾಗಿ ತ್ಯಜಿಸಬೇಕು. ಪಿತ್ತಕೋಶದಲ್ಲಿ ಕಲ್ಲಿದ್ದರೆ ಶಸ್ತ್ರಚಿಕಿತ್ಸೆಯನ್ನು ಮುಂದೂಡಬಾರದು. ಜಿಡ್ಡು ಕಡಿಮೆಯಿರುವ ಮಿತಾಹಾರವು ಹಿತಕರ. ಪಥ್ಯಕ್ಕೂ ಔಷಧಕ್ಕೂ ನಮ್ಮ ಬಳಿ ಬರುವವರು ಆಸ್ಪತ್ರೆಯ ವರದಿಗಳನ್ನು ತಪ್ಪದೆ ತರಬೇಕು.